ಬಟ್ಟೆ, ಅಮೂರ್ತ ಚಿತ್ರ, ಸಂಗೀತ: ಮೂವರೂ ಕೂಡಿ ಕೆಲಸ ಮಾಡುವಾಗ ಅಳತೆ ಯಾರದಾಗಬೇಕು?

ಕತ್ತರಿ ಗಾಂಧಿಬಜಾರ್ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಬಸವನಗುಡಿಯಲ್ಲಿ 11 ವರ್ಷಗಳಿಂದ ಉಡುಪು ವಿನ್ಯಾಸದ ಸಣ್ಣ ಅಂಗಡಿಯೊಂದನ್ನು ನಡೆಸುತ್ತಿದ್ದೇನೆ. ಕಳೆದ ವರ್ಷ ಒಬ್ಬ ಅಮೂರ್ತ ಚಿತ್ರಕಾರರು, ಒಬ್ಬ ವೀಣಾವಾದಕಿ ಮತ್ತು ನಾನು ಸೇರಿ ನಗರದ ಸಭಾಂಗಣವೊಂದರಲ್ಲಿ ಒಂದು ಸಂಜೆಯ ಪ್ರದರ್ಶನ ಏರ್ಪಡಿಸಿದ್ದೆವು. ಅದು ಕೆಟ್ಟಿತೆಂದು ಯಾರೂ ಹೇಳಲಿಲ್ಲ. ಬಂದವರು ಚಪ್ಪಾಳೆ ತಟ್ಟಿ, ಫೋಟೊ ತೆಗೆದುಕೊಂಡು, ಕಾಫಿ ಕುಡಿದು ಹೋದರು. ಆದರೆ ನಾವು ಮೂವರೂ ಒಂದೇ ವೇದಿಕೆಯ ಮೇಲೆ ಇದ್ದೆವೇ ಹೊರತು ಒಂದೇ ಕೆಲಸ ಮಾಡಿರಲಿಲ್ಲ ಎಂಬುದು ಮನೆಗೆ ಬಂದ ಮೇಲೆ ನನ್ನನ್ನು ಕಾಡತೊಡಗಿತು.

ನಡೆದದ್ದು ಇಷ್ಟು. ಚಿತ್ರಕಾರರ ಎಂಟು ಕ್ಯಾನ್ವಾಸ್‌ಗಳ ಫೋಟೊ ತೆಗೆಸಿ, ಡಿಜಿಟಲ್ ಪ್ರಿಂಟಿಂಗ್‌ಗೆ ಕೊಟ್ಟು, ಬಂದ ಬಟ್ಟೆಯಿಂದ ನಾನು 10 ಉಡುಪುಗಳನ್ನು ಹೊಲಿದೆ. ಹೊಲಿದು ಮುಗಿಸಿದ ಇನ್ನೆರಡು ಉಡುಪುಗಳ ಮೇಲೆ ಚಿತ್ರಕಾರರೇ ಅಕ್ರಿಲಿಕ್‌ನಿಂದ ನೇರವಾಗಿ ಬರೆದರು. ವೀಣಾವಾದಕಿ ಕಲ್ಯಾಣಿ ರಾಗವನ್ನು ಎತ್ತಿಕೊಂಡು ತಾನಕ್ಕೆ (ಆಲಾಪನೆಯ ನಂತರ ಲಯ ಹಿಡಿದು ನುಡಿಸುವ ಭಾಗಕ್ಕೆ) ಬರುವಷ್ಟರಲ್ಲಿ ಕೊನೆಯ ರೂಪದರ್ಶಿ ನಡೆದು ಮುಗಿಸಿದ್ದರಿಂದ, ಪಕ್ಕದಲ್ಲಿ ನಿಂತಿದ್ದ ವ್ಯವಸ್ಥಾಪಕರು ಕೈಸನ್ನೆ ಮಾಡಿ ನಿಲ್ಲಿಸಿಬಿಟ್ಟರು. ಸಂಗೀತವನ್ನು ನಾವು ಊಟದ ಹಾಲ್‌ನಲ್ಲಿ ಹಾಕುವ ಕ್ಯಾಸೆಟ್ಟಿನಂತೆ ಬಳಸಿದೆವು ಎಂದು ವೀಣಾವಾದಕಿ ನೊಂದುಕೊಂಡರೆ ಅದರಲ್ಲಿ ತಪ್ಪೇನೂ ಇಲ್ಲ.

ಒಂದು ವಿಷಯ ಮಾತ್ರ ಮನಸ್ಸಿನಿಂದ ಹೋಗಿಲ್ಲ. ಅಕ್ರಿಲಿಕ್ ಬಳಿದ ಬಟ್ಟೆ ಒಣಗಿ ಸೆಟೆದುಕೊಂಡಿತ್ತು. ಅದನ್ನು ತೊಟ್ಟ ಹುಡುಗಿ ವೀಣೆಯ ಮುಂದೆ ಹಾದುಹೋದಾಗ ಹಾಳೆ ಮುದುಡಿದಂಥ ಚರಚರ ಸದ್ದನ್ನು ಮೈಕು ಹಿಡಿದು ಇಡೀ ಸಭೆಗೆ ಕೇಳಿಸಿತು. ವೀಣಾವಾದಕಿ ಒಂದು ಗಳಿಗೆ ಕೈ ತಡೆದು, ಆ ಸದ್ದು ದಾಟಿದ ಮೇಲೆ ಮುಂದಿನ ಸ್ವರವನ್ನು ಮೀಟಿದರು. ಎಲ್ಲರೂ ಅದನ್ನು ಅಪಘಾತವೆಂದರು. ಆ ಸಂಜೆ ಬಣ್ಣ, ಬಟ್ಟೆ, ನಾದ ಮೂರೂ ನಿಜವಾಗಿ ಒಂದನ್ನೊಂದು ಮುಟ್ಟಿದ್ದು ಆ ಗಳಿಗೆಯಲ್ಲಿ ಮಾತ್ರ ಎಂದು ನನಗನ್ನಿಸುತ್ತದೆ.

ಮತ್ತೊಮ್ಮೆ ಪ್ರಯತ್ನಿಸುವ ಆಸೆಯಿದೆ, ಈ ಸಲ ಲಯವಾದ್ಯದವರೊಬ್ಬರ ಜೊತೆ. ಯಾರ ಕೆಲಸ ಮೊದಲು ಆಗಬೇಕು, ಯಾರು ಯಾರ ಅಳತೆಗೆ ಒಗ್ಗಿಕೊಳ್ಳಬೇಕು ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಿ.

ಖಾಲಿ ಕ್ಯಾನ್ವಾಸ್

ಕತ್ತರಿಯವರೇ, ನಾನು ಚಿತ್ರ ಬರೆಯುವವನು. ನಿಮ್ಮ ಚಿತ್ರಕಾರರು ಫೋಟೊ ತೆಗೆಯಲು ಒಪ್ಪಿದಾಗಲೇ ಅರ್ಧ ಸೋತಿದ್ದರು ಎಂದು ಹೇಳಿದರೆ ಬೇಸರಿಸಬೇಡಿ. ಅಮೂರ್ತ ಚಿತ್ರದಲ್ಲಿ ಕುಂಚದ ಒಂದು ಎಳೆತ ಎಷ್ಟು ಅಗಲವಿದೆ ಎಂಬುದು ಅಲಂಕಾರದ ಮಾತಲ್ಲ. ತೋಳು ಎಷ್ಟು ಬೀಸಿತು, ಎಲ್ಲಿ ತಡೆಯಿತು ಎಂಬುದರ ದಾಖಲೆ ಅದು. ಐದಡಿಯ ಕ್ಯಾನ್ವಾಸನ್ನು ಕುಗ್ಗಿಸಿ ಕುರ್ತಾದ ಮೇಲೆ ಅಚ್ಚು ಹಾಕಿದರೆ, ವಿಳಂಬ ಕಾಲದ ಆಲಾಪನೆಯನ್ನು ಟೇಪಿನಲ್ಲಿ ವೇಗವಾಗಿ ಓಡಿಸಿ ಕೇಳಿಸಿದ ಹಾಗಾಗುತ್ತದೆ. ಸ್ವರಗಳು ಅವೇ ಇದ್ದರೂ ಹಾಡಿದವರ ಉಸಿರು ಅದರಲ್ಲಿ ಇರುವುದಿಲ್ಲ.

ಸಂಗೀತದಿಂದ ಚಿತ್ರಕ್ಕೆ ಬರುವ ದಾರಿ ಮಾತ್ರ ಹಳೆಯದು. ರಷ್ಯನ್ ಚಿತ್ರಕಾರ ವಾಸಿಲಿ ಕ್ಯಾಂಡಿನ್‌ಸ್ಕಿ 1911ರ ಜನವರಿಯಲ್ಲಿ ಮ್ಯೂನಿಕ್‌ನಲ್ಲಿ ಸಂಗೀತ ರಚನಕಾರ ಶೋನ್‌ಬರ್ಗ್ ಅವರ ಕಛೇರಿ ಕೇಳಿ ಬಂದ ಕೆಲವೇ ದಿನಗಳಲ್ಲಿ ಬರೆದ ಚಿತ್ರದಲ್ಲಿ, ಪಿಯಾನೋವನ್ನು ಸೂಚಿಸುವ ಒಂದು ಕಪ್ಪು ಆಕಾರ ಮತ್ತು ಅದರ ಕೆಳಗೆ ಹರಿಯುವ ಹಳದಿ ಬಿಟ್ಟರೆ ಗುರುತು ಹಿಡಿಯುವಂಥದ್ದು ಹೆಚ್ಚೇನೂ ಉಳಿದಿಲ್ಲ. ಅದಕ್ಕೆ ಮೊದಲೇ ಆತ ತನ್ನ ಚಿತ್ರಗಳನ್ನು ‘ಕಾಂಪೊಸಿಷನ್’, ‘ಇಂಪ್ರೊವೈಸೇಷನ್’ ಎಂದು ಸಂಗೀತದ ಹೆಸರುಗಳಿಂದಲೇ ಕರೆಯತೊಡಗಿದ್ದ. ನಮ್ಮಲ್ಲಿ ರಾಗಗಳನ್ನೇ ಚಿತ್ರಿಸಿದ ಹಳೆಯ ರಾಗಮಾಲೆಯ ಚಿತ್ರಗಳಿದ್ದವಲ್ಲ ಎಂದು ಯಾರಾದರೂ ಕೇಳಬಹುದು. ಆದರೆ ಅಲ್ಲಿ ರಾಗಕ್ಕೆ ಮುಖ, ಮೋಡ, ನವಿಲು, ವಿರಹ ಎಲ್ಲವನ್ನೂ ಕೊಟ್ಟಿರುವುದರಿಂದ ಅದು ಅಮೂರ್ತಕ್ಕೆ ಎದುರು ದಿಕ್ಕಿನ ಹಾದಿ.

ಇನ್ನು ನಮ್ಮ ಊರಿನ ಕೆ. ವೆಂಕಟಪ್ಪನವರಂತೂ ಅಬನೀಂದ್ರನಾಥ ಟಾಗೋರರಲ್ಲಿ ಚಿತ್ರಕಲೆ ಕಲಿತು, ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತವರು. ಒಬ್ಬರ ಬೆರಳಿನಲ್ಲಿ ಎರಡೂ ಇದ್ದವು. ಹಾಗಿದ್ದೂ ಕಸ್ತೂರಬಾ ರಸ್ತೆಯ ಗ್ಯಾಲರಿಯಲ್ಲಿ ಅವರ ಊಟಿಯ ಮಂಜಿನ ಜಲವರ್ಣಗಳ ಮುಂದೆ ನಿಂತಾಗ ನನಗೆ ವೀಣೆ ಕೇಳಿಸಿದ್ದಿಲ್ಲ. ಒಂದೇ ದೇಹದೊಳಗೆ ಎರಡು ಕಲೆ ವಾಸವಾಗಿದ್ದ ಮಾತ್ರಕ್ಕೆ ಅವು ಮಾತಾಡಿಕೊಳ್ಳಬೇಕೆಂದೇನಿಲ್ಲ.

ಅಕ್ರಿಲಿಕ್ ಬಗ್ಗೆ ಒಂದು ಮಾತು. ಅದು ನೂಲಿನ ಮೇಲೆ ಪ್ಲಾಸ್ಟಿಕ್ ಪೊರೆಯಾಗಿ ಕೂರುತ್ತದೆ, ಸೆಟೆಯುವುದು ಅದರ ಗುಣ. ರೇಷ್ಮೆಗೆ ಆಸಿಡ್ ಡೈ ಎಂಬ ಬಗೆಯ ಬಣ್ಣ ಬಳಸಿ ಹಬೆಯಲ್ಲಿಟ್ಟರೆ ಬಣ್ಣ ನೂಲಿನೊಳಗೇ ಇಳಿದು ಬಟ್ಟೆ ಮೆತ್ತಗೇ ಇರುತ್ತದೆ. ತೊಂದರೆಯೆಂದರೆ ಹಬೆಗೆ ಹೋಗಿ ತೊಳೆದು ಬರುವವರೆಗೆ ನಿಜವಾದ ಬಣ್ಣ ಯಾವುದೆಂದು ಬರೆದವನಿಗೇ ಗೊತ್ತಿರುವುದಿಲ್ಲ. ನನಗೆ ಆ ಕತ್ತಲು ಇಷ್ಟ, ಎಲ್ಲರಿಗೂ ಇಷ್ಟವಾಗಲಾರದು.

ಕಟಿಂಗ್ ಮಾಸ್ಟರ್ ಸುಲ್ತಾನ್‌ಪೇಟೆ

ಚಿತ್ರಕಾರ ಸಾಹೇಬರ ಮಾತಿಗೆ ನನ್ನ ಕತ್ತರಿಯ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ನಾನು 26 ವರ್ಷಗಳಿಂದ ಬಟ್ಟೆ ಕತ್ತರಿಸುತ್ತಿದ್ದೇನೆ, ಚಿತ್ರಕಲೆ ನನಗೆ ತಿಳಿಯದು. ಚಿತ್ರ ಚಪ್ಪಟೆ, ಮೈ ಉಬ್ಬುತಗ್ಗು. ಉಬ್ಬುತಗ್ಗಿಗೆ ಬಟ್ಟೆಯನ್ನು ಕೂರಿಸಬೇಕಾದರೆ ಎದೆಯ ಹತ್ತಿರ, ಸೊಂಟದ ಹತ್ತಿರ ಡಾರ್ಟ್, ಅಂದರೆ ಬಟ್ಟೆಯನ್ನು ಮಡಿಸಿ ಹೊಲಿದ ಮಡಿಕೆ, ಹಿಡಿಯಲೇಬೇಕು. ಅಚ್ಚು ಹಾಕಿದ ಚಿತ್ರದಲ್ಲಿ ಡಾರ್ಟ್ ಹಿಡಿದ ಕೂಡಲೇ ಗೆರೆ ಮುರಿಯುತ್ತದೆ. ಆಗ ಗಿರಾಕಿ ಮಾಸ್ಟರನ್ನು ಬೈಯುತ್ತಾರೆ, ಚಿತ್ರಕಾರರನ್ನಲ್ಲ.

ಮಗಳು ಫ್ಯಾಷನ್ ಓದುತ್ತಿದ್ದಾಗ ಫ್ರಾನ್ಸಿನ ಉಡುಪು ವಿನ್ಯಾಸಕ ಇವ್ ಸಾಂ ಲೊರಾಂ 1965ರಲ್ಲಿ ಚಿತ್ರಕಾರ ಮಾಂಡ್ರಿಯನ್‌ನ ಚಿತ್ರಗಳಂತೆ ಮಾಡಿದ ಉಡುಪಿನ ಫೋಟೊ ತೋರಿಸಿದಳು. ಬಿಳಿ ಬಟ್ಟೆಯ ಮೇಲೆ ಕಪ್ಪು ಪಟ್ಟಿ, ನಡುವೆ ಕೆಂಪು, ನೀಲಿ, ಹಳದಿ ಚೌಕಗಳು. ನೋಡಿದರೆ ನೇರವಾದ ಗೋಣಿಚೀಲದ ಹಾಗೆ ಕಾಣುತ್ತದೆ, ಡಾರ್ಟ್ ಎಲ್ಲಿದೆಯೆಂದು ಹುಡುಕಿದರೂ ಸಿಗುವುದಿಲ್ಲ. ವಿಷಯವೇನೆಂದರೆ ಅದು ಅಚ್ಚಲ್ಲ. ಒಂದೊಂದು ಬಣ್ಣವೂ ಬೇರೆ ಬೇರೆ ಉಣ್ಣೆ ಜರ್ಸಿ ತುಂಡು. ಮೈಗೆ ಕೂರಿಸುವ ತಿರುವುಗಳನ್ನೆಲ್ಲ ಆ ತುಂಡುಗಳು ಕೂಡುವ ಗೆರೆಗಳ ಹೊಲಿಗೆಯಲ್ಲೇ ಅಡಗಿಸಿದ್ದಾರೆ. ಚಿತ್ರದ ಗೆರೆ ಇರಬೇಕಾದ ಜಾಗ, ಹೊಲಿಗೆ ಇರಬೇಕಾದ ಜಾಗ ಎರಡೂ ಒಂದೇ ಆಗಿವೆ. ಅದನ್ನು ನೋಡಿ ಎರಡು ದಿನ ನಾನು ಸರಿಯಾಗಿ ಕೆಲಸ ಮಾಡಲಿಲ್ಲ.

ಖಾಲಿ ಕ್ಯಾನ್ವಾಸ್

ಮಾಸ್ಟರ್, ಇಷ್ಟು ಚೆನ್ನಾಗಿ ಇದನ್ನು ಯಾವ ಕಲಾ ವಿಮರ್ಶಕರೂ ನನಗೆ ಹೇಳಿರಲಿಲ್ಲ. ಅದರಲ್ಲೊಂದು ಸೋಜಿಗವೂ ಇದೆ. ಮಾಂಡ್ರಿಯನ್ 1940ರಲ್ಲಿ ನ್ಯೂಯಾರ್ಕಿಗೆ ಹೋದ ಮೇಲೆ ಬೂಗಿ ವೂಗಿ ಎಂಬ ಕುಣಿತದ ಪಿಯಾನೋ ಸಂಗೀತಕ್ಕೆ ಮರುಳಾಗಿ, ತನ್ನ ಕಪ್ಪು ಗೆರೆಗಳನ್ನೇ ಬಿಟ್ಟು, ಸಣ್ಣ ಸಣ್ಣ ಬಣ್ಣದ ಚೌಕಗಳು ಮಿಡಿಯುವಂಥ ದೊಡ್ಡ ಚಿತ್ರವೊಂದನ್ನು 1943ರ ಹೊತ್ತಿಗೆ ಮುಗಿಸಿದ, ಮರುವರ್ಷ ತೀರಿಕೊಂಡ. ಆದರೆ 21 ವರ್ಷಗಳ ನಂತರ ಉಡುಪಾದದ್ದು ಆತ ಬಿಟ್ಟುಬಂದ ಆ ಕಪ್ಪು ಗೆರೆಗಳೇ. ಸಂಗೀತ ಹೊಕ್ಕ ಚಿತ್ರ ಗೋಡೆಯ ಮೇಲೆಯೇ ಉಳಿಯಿತು.

ತನಿ ಆವರ್ತನ

ಮೃದಂಗ ನುಡಿಸುವವನಾಗಿ ನಾನು ಇಲ್ಲಿ ಬಾಯಿ ಹಾಕಬೇಕೆನ್ನಿಸಿದ್ದು ಕತ್ತರಿಯವರು ‘ಅಳತೆ’ ಎಂಬ ಪದ ಬಳಸಿದ್ದರಿಂದ. ಇಂಥ ಕಾರ್ಯಕ್ರಮಗಳಿಗೆ ನನ್ನನ್ನು ಕರೆದವರೆಲ್ಲ ಇದುವರೆಗೆ ಕೇಳಿದ್ದು ‘ಮೂಡ್’. ನೀಲಿ ಉಡುಪಿಗೆ ಶಾಂತವಾಗಿ, ಕೆಂಪು ಉಡುಪಿಗೆ ಜೋರಾಗಿ ನುಡಿಸಿ ಎಂದು ಕೇಳುವುದು ನಮ್ಮ ಕಲೆಯ ಬಗ್ಗೆ ಏನನ್ನೂ ತಿಳಿಯದೆ ಕೇಳುವ ಮಾತು. ಬಣ್ಣಕ್ಕೊಂದು ಸ್ವರವೆಂದು ಗಂಟು ಹಾಕುವ ಆಸೆ ದೊಡ್ಡವರಿಗೂ ಇತ್ತು. ಸ್ಕ್ರಿಯಾಬಿನ್ ಎಂಬ ರಷ್ಯನ್ ಸಂಗೀತಗಾರ 1910ರಲ್ಲಿ ಮುಗಿಸಿದ ಕೃತಿಯೊಂದರಲ್ಲಿ ಬೆಳಕಿಗೇ ಪ್ರತ್ಯೇಕ ಸ್ವರಲಿಪಿ ಬರೆದಿಟ್ಟಿದ್ದ. ಅದನ್ನು ನಾನು ಗೌರವಿಸುತ್ತೇನೆ. ಆದರೆ ನನಗೆ ಕೆಂಪಾದದ್ದು ನಿಮಗೂ ಕೆಂಪಾಗಬೇಕೆಂಬ ಒತ್ತಾಯ ಹೆಚ್ಚು ದೂರ ಹೋಗುವುದಿಲ್ಲ.

ಲೆಕ್ಕ ಮಾತ್ರ ಎಲ್ಲರಿಗೂ ಒಂದೇ. ನಮ್ಮಲ್ಲಿ ತಾಳದ ಹತ್ತು ಪ್ರಾಣಗಳಲ್ಲಿ, ಅಂದರೆ ಮುಖ್ಯ ಲಕ್ಷಣಗಳಲ್ಲಿ, ಲಯದ ಆಕಾರವಾದ ‘ಯತಿ’ ಎಂಬುದು ಒಂದು. ಸಮ, ವಿಷಮ, ಮೃದಂಗ, ಡಮರು, ಗೋಪುಚ್ಛ, ಸ್ರೋತೋವಹ ಎಂಬ ಆರು ಬಗೆಗಳ ಹೆಸರು ಕೇಳಿದರೇ ಕಣ್ಣಿಗೆ ಆಕಾರ ಬರುತ್ತದೆ. ಗೋಪುಚ್ಛವೆಂದರೆ ಹಸುವಿನ ಬಾಲದಂತೆ ಬರುಬರುತ್ತಾ ಕಿರಿದಾಗುವುದು. ಸ್ರೋತೋವಹವೆಂದರೆ ಹೊಳೆಯಂತೆ ಬರುಬರುತ್ತಾ ಅಗಲವಾಗುವುದು. ಮೃದಂಗ ಯತಿ ನಡುವೆ ಉಬ್ಬಿ ಎರಡೂ ತುದಿಯಲ್ಲಿ ಸಣ್ಣಗಿರುತ್ತದೆ, ಡಮರು ಅದಕ್ಕೆ ತಿರುಗುಮುರುಗು. ಸೊಂಟದಲ್ಲಿ ಬಿಗಿದು ಮೇಲೂ ಕೆಳಗೂ ಅರಳಿದ ಉಡುಪನ್ನು ಕಂಡಾಗಲೆಲ್ಲ ನನ್ನ ಮನಸ್ಸಿನಲ್ಲಿ ಡಮರು ಯತಿಯೇ ನುಡಿಯುತ್ತದೆ ಎಂದರೆ ನನ್ನ ಹೆಂಡತಿ ನಗುತ್ತಾಳೆ.

ಒಂದು ಉದಾಹರಣೆ ಕೊಡುತ್ತೇನೆ. 7, 6, 5, 4, 3 ಅಕ್ಷರಗಳ ಜತಿಗಳನ್ನು (ಸೊಲ್ಲುಗಳ ಗುಂಪುಗಳನ್ನು) ಒಂದರ ಹಿಂದೆ ಒಂದು ನುಡಿಸಿದರೆ ಅದು ಗೋಪುಚ್ಛ. ಒಟ್ಟು 25 ಅಕ್ಷರ, ಅಂದರೆ ‘ತಕ ತಕಿಟ’ ಎಂದು ಐದರ ಲೆಕ್ಕದಲ್ಲಿ ನಡೆಯುವ ಖಂಡಛಾಪು ತಾಳಕ್ಕೆ ಸರಿಯಾಗಿ ಐದು ಸುತ್ತು. ಅದೇ ಸಂಖ್ಯೆಗಳನ್ನು ಇಂಚಿನಲ್ಲಿ ತೆಗೆದುಕೊಂಡು ಐದು ಪಟ್ಟಿಗಳನ್ನು ಜೋಡಿಸಿ 25 ಇಂಚಿನ ಒಂದು ಮುಂಭಾಗ ಹೊಲಿಯಬಹುದಲ್ಲವೇ? ಚಿತ್ರಕಾರರು ಒಂದೊಂದು ಪಟ್ಟಿಯನ್ನೂ ಅದರ ಅಗಲದೊಳಗೆ ತಮಗೆ ಬೇಕಾದಂತೆ ಬರೆಯಲಿ. ಬಣ್ಣ ಯಾವುದೆಂದು ನಾನು ಕೇಳುವುದಿಲ್ಲ, ಲಯದ ನಡೆ ಯಾವುದೆಂದು ಅವರು ಕೇಳಬಾರದು. ಅಳತೆಯನ್ನು ಮಾತ್ರ ಮೂವರೂ ಮೀರುವಂತಿಲ್ಲ.

ಕೊನೆಯ ಸಾಲಿನ ಪ್ರೇಕ್ಷಕ

ಎಲ್ಲರೂ ಅಳತೆಯ ಕಡೆಗೇ ವಾಲುತ್ತಿರುವುದರಿಂದ ನಾನು ಭಿನ್ನಮತ ದಾಖಲಿಸುತ್ತೇನೆ. ಅಮೆರಿಕದ ನೃತ್ಯ ಸಂಯೋಜಕ ಮರ್ಸ್ ಕನಿಂಗ್‌ಹ್ಯಾಮ್ ಮತ್ತು ಸಂಗೀತ ರಚನಕಾರ ಜಾನ್ ಕೇಜ್ ದಶಕಗಳ ಕಾಲ ಇದಕ್ಕೆ ವಿರುದ್ಧವಾದುದನ್ನೇ ಮಾಡಿದರು. ನೃತ್ಯ, ಸಂಗೀತ, ರಂಗಸಜ್ಜಿಕೆ ಮತ್ತು ಉಡುಪು ಬೇರೆ ಬೇರೆ ಕೋಣೆಗಳಲ್ಲಿ ಸಿದ್ಧವಾಗಿ, ಹಲವು ಸಲ ಪ್ರದರ್ಶನದ ಹೊತ್ತಿಗೆ ಮಾತ್ರ ಎದುರುಬದುರಾಗುತ್ತಿದ್ದವು. ಅವುಗಳ ನಡುವೆ ಸಾಮಾನ್ಯವಾಗಿದ್ದದ್ದು ಒಟ್ಟು ಅವಧಿ ಮಾತ್ರ. 1958ರ ಒಂದು ಪ್ರಯೋಗದಲ್ಲಿ ಚಿತ್ರಕಾರ ರಾಬರ್ಟ್ ರೌಷೆನ್‌ಬರ್ಗ್ ಹಿಂಪರದೆಯ ಮೇಲೆ ಚುಕ್ಕಿಗಳನ್ನು ಸಿಂಪಡಿಸಿ, ನರ್ತಕರ ಉಡುಪಿನ ಮೇಲೂ ಅವೇ ಚುಕ್ಕಿಗಳನ್ನು ಹಾಕಿದ. ನರ್ತಕರು ನಿಂತರೆ ಪರದೆಯಲ್ಲಿ ಕರಗಿದಂತೆ, ಅಲುಗಿದರೆ ಚಿತ್ರವೇ ಎದ್ದು ಬಂದಂತೆ ಕಾಣುತ್ತಿತ್ತು. 1997ರಲ್ಲಿ ಜಪಾನಿನ ಉಡುಪು ವಿನ್ಯಾಸಕಿ ರೇ ಕವಾಕುಬೊ ಕನಿಂಗ್‌ಹ್ಯಾಮ್ ತಂಡಕ್ಕೆ ಬೆನ್ನು, ಸೊಂಟ, ಹೆಗಲುಗಳಲ್ಲಿ ಉಬ್ಬುಗಳನ್ನು ತುಂಬಿದ ಉಡುಪು ಮಾಡಿಕೊಟ್ಟರು. ತಮ್ಮ ದೇಹ ಎಲ್ಲಿಗೆ ಮುಗಿಯುತ್ತದೆ ಎಂಬ ಅಂದಾಜೇ ತಪ್ಪುವಂಥ ಉಡುಪಿನಲ್ಲಿ ನರ್ತಕರು ಕುಣಿಯಬೇಕಾಯಿತು.

ಯಾರೂ ಯಾರ ಅಳತೆಗೂ ಒಗ್ಗದೆ ಇರುವುದೂ ಒಂದು ಸಹಯೋಗವೇ. ಕತ್ತರಿಯವರ ವೀಣಾವಾದಕಿಗೆ ಅನ್ಯಾಯವಾದದ್ದು ಅಳತೆ ಇಲ್ಲದ್ದರಿಂದ ಅಲ್ಲ, ರೂಪದರ್ಶಿಗಳ ನಡಿಗೆಯ ಅಳತೆಯನ್ನು ಅವರ ಮೇಲೆ ಹೇರಿದ್ದರಿಂದ.

ಇಳಕಲ್ ಸೆರಗು

ಪ್ರೇಕ್ಷಕರ ಮಾತು ಒಂದು ಮಟ್ಟಿಗೆ ಸರಿ. ಆದರೆ ಬೇರೆ ಬೇರೆ ಕೋಣೆಯಲ್ಲಿ ಮಾಡಿ ಕೊನೆಗೆ ಕೂಡಿಸುವುದಕ್ಕೂ ಕೂಡಿಸುವ ಜಾಗವೊಂದು ಬೇಕಲ್ಲ? ನಾನು ನೇಕಾರರ ಮನೆಯವಳು, ಈಗ ರಾಜಾಜಿನಗರದಲ್ಲಿದ್ದೇನೆ. ನಮ್ಮ ಕಡೆಯ ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗದಲ್ಲಿ ಉದ್ದಕ್ಕೆ ಹೂಡುವ ನೂಲು) ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ನೂಲು ಹತ್ತಿಯದಾಗಿದ್ದು ಸೆರಗು ಕೆಂಪು ರೇಷ್ಮೆಯದಾಗಿರಬಹುದು. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಸೇರಿಸುವುದಕ್ಕೆ ‘ಕೊಂಡಿ’ ಎನ್ನುತ್ತೇವೆ. ಒಂದೊಂದು ಸೀರೆಗೂ ಹೊಸದಾಗಿ ಕೊಂಡಿ ಹಾಕಬೇಕು, ಹೀಗಾಗಿ ಒಮ್ಮೆ ಹಾಸು ಹೂಡಿ ಹತ್ತು ಸೀರೆ ಇಳಿಸುವ ಸೌಕರ್ಯ ನಮಗಿಲ್ಲ. ಕಸೂತಿಯೂ ಹಾಗೆಯೇ. ಗವಂತಿ ಮತ್ತು ಮುರಗಿ ಎಂಬ ಹೊಲಿಗೆಗಳಲ್ಲಿ ನೂಲೆಣಿಸಿ, ಗಂಟು ಹಾಕದೆ, ಬಟ್ಟೆಯ ಎರಡೂ ಮಗ್ಗುಲಿಗೆ ಒಂದೇ ರೂಪ ಬರುವಂತೆ ಹೊಲಿಯುತ್ತಾರೆ. ಮೃದಂಗದವರು ಅಕ್ಷರ ಎಣಿಸಿದಂತೆ ನಮ್ಮ ಅಜ್ಜಿ ಎಳೆ ಎಣಿಸುತ್ತಿದ್ದಳು, ನಡುವೆ ಮಾತಾಡಿಸಿದರೆ ಸಿಟ್ಟಾಗುತ್ತಿದ್ದಳು.

ಮೊದಲು ಯಾರು ಎಂಬ ಪ್ರಶ್ನೆಗೂ ಒಂದು ಉತ್ತರ ಬಟ್ಟೆಯ ಕಡೆಯಿಂದಲೇ ಇದೆ. ಪ್ಯಾರಿಸ್ಸಿನಲ್ಲಿದ್ದ ಚಿತ್ರಕಾರ್ತಿ ಸೋನಿಯಾ ಡೆಲೋನೆ 1911ರಲ್ಲಿ ಹುಟ್ಟಿದ ತನ್ನ ಮಗನಿಗಾಗಿ ಉಕ್ರೇನಿನ ರೈತರ ಮನೆಗಳಲ್ಲಿ ಕಂಡಂತೆ ತುಂಡುಬಟ್ಟೆಗಳ ಹೊದಿಕೆಯೊಂದನ್ನು ಹೊಲಿದಳು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕೌದಿ. ಆ ಕೌದಿಯ ಬಣ್ಣಗಳ ಜೋಡಣೆಯಿಂದಲೇ ಆಕೆಯ ಅಮೂರ್ತ ಚಿತ್ರಗಳ ದಾರಿ ತೆರೆಯಿತು. 1913ರಲ್ಲಿ ಅಂಥದೇ ಬಣ್ಣದ ತುಂಡುಗಳ ಉಡುಪು ಹೊಲಿದು, ಅದನ್ನು ತೊಟ್ಟು ಪ್ಯಾರಿಸ್ಸಿನ ಬಾಲ್ ಬುಲಿಯೇ ನೃತ್ಯಶಾಲೆಗೆ ಹೋದಳು. ಟ್ಯಾಂಗೊ ಸಂಗೀತಕ್ಕೆ ಜನ ಕುಣಿಯುವ ಜಾಗ ಅದು. ಕೌದಿ, ಚಿತ್ರ, ಕುಣಿತದ ಉಡುಪು, ಈ ಕ್ರಮದಲ್ಲಿ ಬಂದದ್ದನ್ನು ನಾವು ಯಾವಾಗಲೂ ಚಿತ್ರದಿಂದ ಆರಂಭಿಸಿ ಹೇಳುತ್ತೇವೆ. ಕೌದಿ ಹೊಲಿಯುವವರು ಇದನ್ನು ಕೇಳಿದರೆ ಏನೆನ್ನುವರೋ.

ಕಾಯ್ದೆ ಓದುವವ

ಕಲೆಯ ಚರ್ಚೆಯ ನಡುವೆ ಬರುವುದಕ್ಕೆ ಕ್ಷಮೆಯಿರಲಿ, ಒಂದು ಎಚ್ಚರಿಕೆ ಮಾತ್ರ ಹೇಳಿ ಹೋಗುತ್ತೇನೆ. ಹಕ್ಕುಸ್ವಾಮ್ಯ ಕಾಯ್ದೆ 1957ರ 15ನೇ ಕಲಮಿನ ಪ್ರಕಾರ, ವಿನ್ಯಾಸವಾಗಿ ನೋಂದಾಯಿಸಬಹುದಾಗಿದ್ದೂ ನೋಂದಾಯಿಸದೆ ಬಿಟ್ಟದ್ದನ್ನು ಮಾಲೀಕರ ಒಪ್ಪಿಗೆಯಿಂದಲೇ ಯಂತ್ರೋತ್ಪಾದನೆಯಲ್ಲಿ 50ಕ್ಕಿಂತ ಹೆಚ್ಚು ಸಲ ತಯಾರಿಸಿದರೆ ಆ ವಿನ್ಯಾಸದ ಹಕ್ಕುಸ್ವಾಮ್ಯ ನಿಂತುಹೋಗುತ್ತದೆ. ಕತ್ತರಿಯವರ 12 ಉಡುಪಿಗೆ ಈ ಭಯವಿಲ್ಲ. ಆದರೆ ಪ್ರದರ್ಶನ ಗೆದ್ದು, ಯಾರೋ 200 ದುಪಟ್ಟಾ ಕೇಳಿ, ಚಿತ್ರಕಾರರು ಸಂತೋಷದಿಂದ ಒಪ್ಪಿದ ದಿನ ವಿವಾದ ಹುಟ್ಟುತ್ತದೆ. ಅದಕ್ಕೆ ಮೊದಲೇ ವಿನ್ಯಾಸ ಕಾಯ್ದೆ 2000ರ ಅಡಿಯಲ್ಲಿ ನೋಂದಣಿ ಮಾಡಿಸಿದರೆ 10 ವರ್ಷ, ನವೀಕರಿಸಿದರೆ ಇನ್ನೂ 5 ವರ್ಷ ರಕ್ಷಣೆ ಸಿಗುತ್ತದೆ. ಮೂವರ ನಡುವೆ ಯಾರಿಗೆ ಯಾವುದು ಸೇರಿದ್ದೆಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಕೊಳ್ಳಿ. ಸ್ನೇಹಿತರ ನಡುವೆ ಅದೆಲ್ಲ ಏಕೆ ಎಂದು ಕೇಳಿದವರೇ ಆಮೇಲೆ ವಕೀಲರನ್ನು ಹುಡುಕಿಕೊಂಡು ಬರುವುದು.

ಕತ್ತರಿ ಗಾಂಧಿಬಜಾರ್

ಇಷ್ಟು ಜನ ಇಷ್ಟು ಕಾಳಜಿಯಿಂದ ಬರೆಯುವಿರೆಂದು ನಾನು ನಿರೀಕ್ಷಿಸಿರಲಿಲ್ಲ. ಕಾಯ್ದೆಯವರ ಹಾಳೆಯನ್ನು ಮೊದಲೇ ಮಾಡಿಸುತ್ತೇನೆ. ಪ್ರೇಕ್ಷಕರ ಭಿನ್ನಮತವನ್ನು ಬಹಳ ಯೋಚಿಸಿದೆ; ಅದಕ್ಕೆ ಬೇಕಾದ ಪಳಗಿದ ತಂಡ ನಮ್ಮಲ್ಲಿಲ್ಲ, ಅಪರಿಚಿತರಂತೆ ಕೆಲಸ ಮಾಡುವುದಕ್ಕೂ ಬಹುಕಾಲದ ಪರಿಚಯ ಬೇಕು ಎಂದು ನನ್ನ ಅನಿಸಿಕೆ. ಹೀಗಾಗಿ ಯತಿಯ ದಾರಿಯನ್ನು ಹಿಡಿಯುತ್ತಿದ್ದೇನೆ.

ಈ ಸಲ ಉಡುಪು ಮೂರೇ: ಒಂದು ಗೋಪುಚ್ಛ, ಒಂದು ಸ್ರೋತೋವಹ, ಒಂದು ಡಮರು. ಮೊದಲು ಕೋರಾ ಬಟ್ಟೆಯಲ್ಲಿ ಕತ್ತರಿಸಿ ಮೈಮೇಲೆ ಕೂರಿಸಿ ನೋಡುತ್ತೇವೆ. ಅದು ಸರಿಯಾದ ಮೇಲೆ ರೇಷ್ಮೆಯ ಪಟ್ಟಿಗಳನ್ನು ಹೊಲಿಯದೆ, ಬಿಡಿಬಿಡಿಯಾಗಿಯೇ ಚಿತ್ರಕಾರರಿಗೆ ಒಪ್ಪಿಸುತ್ತೇವೆ. ಅವರು ಬರೆದು, ಹಬೆಗಿಟ್ಟು, ತೊಳೆದು ಕೊಟ್ಟ ಮೇಲೆ ಜೋಡಣೆ. ರೂಪದರ್ಶಿಗಳು ನಡೆಯುವುದಿಲ್ಲ, ತಾಳದ ಸುತ್ತು ಮುಗಿಯುವವರೆಗೆ ಒಂದೇ ಜಾಗದಲ್ಲಿ ನಿಂತು, ಎಡುಪಿಗೆ (ತಾಳದಲ್ಲಿ ಹಾಡು ಎತ್ತಿಕೊಳ್ಳುವ ಜಾಗಕ್ಕೆ) ಸರಿಯಾಗಿ ಒಮ್ಮೆ ತಿರುಗುತ್ತಾರೆ. ಡಮರು ಉಡುಪಿನ ಒಂದು ಪಟ್ಟಿಗೆ ಬೇಕೆಂದೇ ಅಕ್ರಿಲಿಕ್ ಹಾಕಿಸುತ್ತೇನೆ, ಆ ಚರಚರ ಸದ್ದಿಗೆ ಮೃದಂಗದವರು ಜಾಗ ಬಿಡುವುದಾದರೆ. ವೀಣಾವಾದಕಿಯವರಿಗೂ ಫೋನ್ ಮಾಡಿದ್ದೆ, ತಾಲೀಮು ನೋಡಿ ಹೇಳುತ್ತೇನೆ ಎಂದಿದ್ದಾರೆ.

ಕಟಿಂಗ್ ಮಾಸ್ಟರ್ ಸುಲ್ತಾನ್‌ಪೇಟೆ

ಮೇಡಂ, ಒಂದು ಲೆಕ್ಕ ಬಿಟ್ಟುಹೋಗಿದೆ. ಮೃದಂಗದ ಗುರುಗಳು 25 ಇಂಚು ಎಂದರು. ಐದು ಪಟ್ಟಿಗಳನ್ನು ಜೋಡಿಸಬೇಕಾದರೆ ಪ್ರತಿ ಪಟ್ಟಿಗೂ ಎರಡು ಕಡೆ ಅರ್ಧರ್ಧ ಇಂಚು ಹೊಲಿಗೆಗೆ ಬಿಡಬೇಕು. 25 ಕಾಣಬೇಕಾದರೆ 30 ಕತ್ತರಿಸಬೇಕು. ಒಳಗೆ ಹೋಗುವ ಆ ಐದು ಇಂಚಿಗೂ ಚಿತ್ರಕಾರ ಸಾಹೇಬರು ಬಣ್ಣ ಹಾಕಬೇಕಾಗುತ್ತದೆ, ಇಲ್ಲದಿದ್ದರೆ ಹೊಲಿಗೆಯಲ್ಲಿ ಬಿಳಿ ಇಣುಕುತ್ತದೆ. ಯಾರಿಗೂ ಕಾಣದ ಬಣ್ಣಕ್ಕೆ ಅವರು ಒಪ್ಪುತ್ತಾರೆಯೇ?

ಖಾಲಿ ಕ್ಯಾನ್ವಾಸ್

ನನ್ನನ್ನು ಕೇಳಿದ್ದಲ್ಲದಿದ್ದರೂ, ಕರೆದರೆ ನಾನು ಒಪ್ಪುತ್ತೇನೆ.

ತನಿ ಆವರ್ತನ

ಮಾಸ್ಟರ್ ಅವರೇ, ನಮ್ಮಲ್ಲೂ ಅದು ಇದೆ. ಎರಡು ಜತಿಗಳ ನಡುವೆ ನುಡಿಸದೆ ಬಿಟ್ಟು ಮನಸ್ಸಿನಲ್ಲೇ ಎಣಿಸುವ ಜಾಗಕ್ಕೆ ಕಾರ್ವೆ ಎನ್ನುತ್ತೇವೆ. ಕೇಳುವವರಿಗೆ ಅದು ಖಾಲಿ, ನುಡಿಸುವವನಿಗೆ ಲೆಕ್ಕ. ಹಾಗಾದರೆ ನಾನೂ ಪ್ರತಿ ಜತಿಗೆ ಒಂದೊಂದು ಅಕ್ಷರದ ಕಾರ್ವೆ ಸೇರಿಸಿ 30 ಮಾಡುತ್ತೇನೆ, ಖಂಡಛಾಪುವಿಗೆ ಆರು ಸುತ್ತಾಗುತ್ತದೆ. ಕತ್ತರಿಯವರೇ, ಆ ಅಕ್ರಿಲಿಕ್ ಪಟ್ಟಿ ತಿರುಗುವಾಗ ಎಷ್ಟು ಹೊತ್ತು ಸದ್ದು ಮಾಡುತ್ತದೆ ಎಂಬುದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸಿ, ಅದು ಯಾವ ಕಾರ್ವೆಯಲ್ಲಿ ಹಿಡಿಯುತ್ತದೆ ನೋಡೋಣ.